ರೋರಿಕ್ ನಮ್ಮವರಾ, ರಷ್ಯಾದವರಾ? ಸಾಗರದ ಡ್ರಾಯಿಂಗ್ ಮೇಷ್ಟ್ರಿಗೆ ಒಂದು ಉತ್ತರ

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆದುಕೊಂಡು ಹೋದಾಗ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಅಪ್ಪ-ಮಗನ ಚಿತ್ರ ನೋಡಿದೆವು. ಅಪ್ಪನ ಹಿಮಾಲಯ ಎಲ್ಲರಿಗೂ ಹಿಡಿಸಿತು. ಮಗ ಸ್ವೆತೊಸ್ಲಾವ್ ಬರೆದ ಮನುಷ್ಯರ ಮುಂದೆ ನಿಂತಾಗ ಮಾತ್ರ ನನಗೇ ಗೊಂದಲ. ಬಣ್ಣ ಕಣ್ಣಿಗೆ ಹೊಡೆಯುತ್ತೆ, ಕ್ಯಾಲೆಂಡರ್ ಚಿತ್ರದ ಥರ. ಒಬ್ಬ ಹುಡುಗ ‘ಸಾರ್, ಇವರು ರಷ್ಯಾದವರಾ, ನಮ್ಮವರಾ?’ ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಇವರು ನಿಜವಾಗಿ ದೊಡ್ಡ ಕಲಾವಿದರಾ, ಅಥವಾ ಸಿನಿಮಾ ನಟಿ ದೇವಿಕಾ ರಾಣಿಯ ಗಂಡ ಅನ್ನೋದಕ್ಕೆ ಬಂದ ಹೆಸರಾ? ಮಕ್ಕಳಿಗೆ ಇವರ ಚಿತ್ರವನ್ನು ಹೇಗೆ ತೋರಿಸಬೇಕು?

ಉತ್ತರ: ಮೇಷ್ಟ್ರೇ, ಒಂದೇ ಪತ್ರದಲ್ಲಿ ಮೂರು ಪ್ರಶ್ನೆ ಕೇಳಿದ್ದೀರಿ. ಹುಡುಗ ಕೇಳಿದ್ದು ಎಲ್ಲಕ್ಕಿಂತ ಕಷ್ಟದ್ದು, ಅದಕ್ಕೆ ಆಮೇಲೆ ಬರ್ತೀನಿ. ನನ್ನ ಅಭಿಪ್ರಾಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ, ಒಪ್ಪೋದು ಬಿಡೋದು ನಿಮಗೆ ಸೇರಿದ್ದು. ಎದುರಿಗೆ ಒಬ್ಬ ಮನುಷ್ಯ ಕೂತಿದ್ದಾಗ ಸ್ವೆತೊಸ್ಲಾವ್ ರೋರಿಕ್ ಒಳ್ಳೆಯ ಕಲಾವಿದ. ಮನುಷ್ಯನ ಜಾಗದಲ್ಲಿ ಒಂದು ಉಪದೇಶ ಬಂದು ಕೂತಾಗ ಸಾಧಾರಣ. ಅವರ ಚಿತ್ರಗಳಲ್ಲಿ ಎರಡೂ ಥರದವು ಬೇಕಾದಷ್ಟಿವೆ. ಎರಡನ್ನೂ ಒಂದೇ ಉಸಿರಿನಲ್ಲಿ ನೋಡಿ ಬಂದರೆ ಗೊಂದಲ ಆಗದೆ ಇನ್ನೇನಾಗುತ್ತೆ?

ಮೊದಲು ಅವರು ಇಲ್ಲಿಗೆ ಬಂದ ದಾರಿ ನೋಡೋಣ. ಚಿತ್ರಕ್ಕೆ ಬೇಕಾದಷ್ಟೇ ಹೇಳ್ತೀನಿ.

ಸ್ವೆತೊಸ್ಲಾವ್ ಹುಟ್ಟಿದ್ದು 1904ರ ಅಕ್ಟೋಬರ್ 23ರಂದು, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಅಪ್ಪ ನಿಕೊಲಾಯ್ ಆಗಲೇ ಹೆಸರಾಂತ ಕಲಾವಿದ. 1913ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಗಲಾಟೆ ಎಬ್ಬಿಸಿದ, ಸ್ಟ್ರಾವಿನ್ಸ್ಕಿ ಅನ್ನುವ ಸಂಗೀತಗಾರರ ಬ್ಯಾಲೆ ನೃತ್ಯಕ್ಕೆ ರಂಗಸಜ್ಜಿಕೆ ಮಾಡಿದ್ದು ಇದೇ ನಿಕೊಲಾಯ್. 1917ರ ಕ್ರಾಂತಿಯ ಹೊತ್ತಿಗೆ ಕುಟುಂಬ ಫಿನ್ಲೆಂಡಿನ ಕಡೆ ಇತ್ತು. ಗಡಿ ಮುಚ್ಚಿತು, ಮನೆ ಆಚೆಗೇ ಉಳಿಯಿತು. ಹುಡುಗನಿಗೆ ಆಗ ಹದಿಮೂರು. ಅಲ್ಲಿಂದ 1919ರಲ್ಲಿ ಲಂಡನ್, 1920ರಲ್ಲಿ ಅಮೆರಿಕ. ಅಲ್ಲಿ ಅವರು ಕಟ್ಟಡ ವಿನ್ಯಾಸ ಓದಿದರು. ಇದು ಮುಖ್ಯ, ನೆನಪಿಟ್ಟುಕೊಳ್ಳಿ. ಅವರ ಚಿತ್ರದಲ್ಲಿ ಮನುಷ್ಯ ಕಂಬದ ಹಾಗೆ ನಿಂತಿರುತ್ತಾನಲ್ಲ, ಚೌಕಟ್ಟಿನ ತೂಕವನ್ನೆಲ್ಲ ತಾನೇ ಹೊತ್ತ ಹಾಗೆ, ಅದರ ಹಿಂದೆ ಆ ಓದು ಇದೆ ಅಂತ ನನ್ನ ಅಂದಾಜು.

1923ರ ಕೊನೆಗೆ ಇಡೀ ಕುಟುಂಬ ಭಾರತಕ್ಕೆ ಬಂದಿಳಿಯಿತು. ಅಪ್ಪ, ಅಮ್ಮ ಹೆಲೆನಾ, ಅಣ್ಣ ಯೂರಿ. ಅಣ್ಣ ಮುಂದೆ ಟಿಬೆಟ್ ಭಾಷೆ, ಧರ್ಮದ ದೊಡ್ಡ ವಿದ್ವಾಂಸರಾದರು. ಸ್ವೆತೊಸ್ಲಾವ್ ಮರು ವರ್ಷವೇ ಅಮೆರಿಕಕ್ಕೆ ವಾಪಸ್ ಹೋದರು. ಉಳಿದವರು ಮಧ್ಯ ಏಷ್ಯಾ ಸುತ್ತಿ ಬಂದು 1928ರಲ್ಲಿ ಕುಲು ಕಣಿವೆಯ ನಗ್ಗರ್‌ನಲ್ಲಿ ಮನೆ ಮಾಡಿದರು. 1930ರ ದಶಕದ ಶುರುವಿನಲ್ಲಿ ಕಿರಿಯ ಮಗನೂ ಅಲ್ಲಿಗೇ ಬಂದು ಸೇರಿದ. ಆಮೇಲೆ ಸಾಯುವ ತನಕ ಅವರ ಮನೆ ಭಾರತದಲ್ಲೇ. ಅರವತ್ತು ವರ್ಷಕ್ಕೂ ಜಾಸ್ತಿ ಆಯ್ತು, ಅದರಲ್ಲಿ ನಲವತ್ತಕ್ಕೂ ಹೆಚ್ಚು ಬೆಂಗಳೂರಿನಲ್ಲಿ.

ಈಗ ನಗ್ಗರ್ ಮನೆ ಕಲ್ಪಿಸಿಕೊಳ್ಳಿ. ಕಿಟಕಿ ತೆಗೆದರೆ ಹಿಮದ ಬೆಟ್ಟ. ಅಪ್ಪ ಅದನ್ನೇ ದಿನಾ ಬರೆಯುತ್ತಾ ಕೂತಿದ್ದಾರೆ. ಅವರ ಬೆಟ್ಟಗಳ ಮುಂದೆ ಮನುಷ್ಯ ಇದ್ದರೂ ಬೆರಳಿನಷ್ಟು. ಒಬ್ಬ ಲಾಮಾ, ಒಂದು ಕುದುರೆ, ಮುಗೀತು. ಅಂಥ ಮನೆಯಲ್ಲಿ ಕುಂಚ ಹಿಡಿದ ಮಗ ಏನು ಬರೀಬೇಕು? ಬೆಟ್ಟ ಅಂತೂ ಅಪ್ಪನ ಪಾಲಾಯ್ತು. ಮಗ ತಿರುಗಿ ಮನುಷ್ಯರ ಕಡೆ ನೋಡಿದ. ಹಾಗಂತ ಅವರೂ ಬೆಟ್ಟ ಬರೆಯಲಿಲ್ಲ ಅಂತಲ್ಲ, ಕಾಂಚನಜುಂಗಾ ಬರೆದಿದ್ದಾರೆ, ಕುಲು ಕಣಿವೆ ಬರೆದಿದ್ದಾರೆ. ಆದರೆ ಕೈ ಪಳಗಿದ್ದು ಮುಖಗಳಲ್ಲಿ. ಎಲ್ಲಕ್ಕಿಂತ ಹೆಚ್ಚು ಸಲ ಬರೆದ ಮುಖಗಳಲ್ಲಿ ಅಪ್ಪನದೂ ಒಂದು.

ಅಪ್ಪನ ಆ ಭಾವಚಿತ್ರಗಳಲ್ಲಿ ಒಂದನ್ನಾದರೂ ಹತ್ತಿರದಿಂದ ನೋಡಬೇಕು. ತಲೆಗೆ ಅಂಟಿಕೊಂಡ ಪುಟ್ಟ ಟೋಪಿ, ಎರಡು ಕವಲಾದ ಬಿಳಿ ಗಡ್ಡ, ಎದ್ದು ಕಾಣುವ ಕೆನ್ನೆಯ ಮೂಳೆ, ಟಿಬೆಟ್ ಕಡೆಯ ನಿಲುವಂಗಿ. ಹಿಂದೆ ಬೆಟ್ಟ. ಅಪ್ಪ ಜೀವನವಿಡೀ ಮುಂದಕ್ಕೆ ತಂದ ಬೆಟ್ಟವನ್ನು ಮಗ ಹಿಂದಕ್ಕೆ ಸರಿಸಿದ್ದಾನೆ, ಅಪ್ಪನನ್ನೇ ಎದುರಿಗೆ ನಿಲ್ಲಿಸಿದ್ದಾನೆ. ಮಗನಿಗೆ ಅಪ್ಪನ ಮೇಲೆ ಭಕ್ತಿ ಇತ್ತು, ಅದು ಕಾಣುತ್ತೆ. ಆದರೆ ಕಣ್ಣುಗಳನ್ನು ನೋಡಿ. ಭಕ್ತಿಯಿಂದ ಬರೆದ ಗುರುವಿನ ಚಿತ್ರಗಳಲ್ಲಿ ಕಣ್ಣು ಸಾಮಾನ್ಯವಾಗಿ ನಮ್ಮನ್ನು ಹರಸುತ್ತೆ. ಇಲ್ಲಿ ಆ ಸಣ್ಣ ಕಣ್ಣು ನಮ್ಮನ್ನು ಅಳೆಯುತ್ತೆ. ಗಟ್ಟಿ ಮನುಷ್ಯ, ಸುಲಭದವರಲ್ಲ ಅಂತ ಗೊತ್ತಾಗುತ್ತೆ. ದಿನಾ ಜೊತೆಗೆ ಊಟ ಮಾಡಿದವರಿಗೆ ಮಾತ್ರ ಹೊಳೆಯುವ ವಿಷಯ ಅದು.

ಇನ್ನು ಬಣ್ಣ. ನಿಮ್ಮ ದೂರು ಅರ್ಧ ನಿಜ. ಅದಕ್ಕೆ ಕಾರಣ ಹೇಳ್ತೀನಿ, ಆಮೇಲೂ ನಿಮಗೆ ಹಿಡಿಸದಿದ್ದರೆ ಪರವಾಗಿಲ್ಲ.

ಅವರು ಜಾಸ್ತಿ ಬಳಸಿದ್ದು ಟೆಂಪೆರಾ. ಅಪ್ಪನೂ ಎಣ್ಣೆಬಣ್ಣ ಬಿಟ್ಟು ಅದಕ್ಕೇ ಬಂದಿದ್ದರು, ಮಗ ಮನೆಯಲ್ಲೇ ಕಲಿತ. ನೀವು ಡ್ರಾಯಿಂಗ್ ಮೇಷ್ಟ್ರು, ನಿಮಗೆ ಗೊತ್ತಿರುತ್ತೆ, ಆದರೂ ಓದುವ ಬೇರೆಯವರಿಗಾಗಿ ಹೇಳ್ತೀನಿ. ಎಣ್ಣೆಬಣ್ಣ ಒಣಗೋದಕ್ಕೆ ದಿನಗಟ್ಟಲೆ ಬೇಕು. ಅಷ್ಟರಲ್ಲಿ ಎರಡು ಬಣ್ಣವನ್ನು ಒಂದರೊಳಗೊಂದು ತೀಡಿ ಕರಗಿಸಬಹುದು. ಕೆನ್ನೆಯ ನೆರಳು ಎಲ್ಲಿ ಶುರುವಾಯ್ತು ಅಂತ ಗೊತ್ತಾಗದ ಹಾಗೆ ಮಾಡಬಹುದು. ಟೆಂಪೆರಾದಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಎಣ್ಣೆ ಅಲ್ಲ. ಹಳೇ ಪದ್ಧತಿಯಲ್ಲಿ ಮೊಟ್ಟೆಯ ಹಳದಿ, ಬೇರೆ ಕಡೆ ಹಾಲಿನಿಂದ ತೆಗೆದ ಅಂಟು. ಹಚ್ಚಿದ ಒಂದೆರಡು ನಿಮಿಷದಲ್ಲಿ ಒಣಗುತ್ತೆ. ತೀಡೋಕೆ ಬಿಡೋದಿಲ್ಲ. ಗೆರೆಯ ಪಕ್ಕ ಗೆರೆ, ಪದರದ ಮೇಲೆ ಪದರ ಇಡುತ್ತಾ ಹೋಗಬೇಕು. ಒಣಗಿದ ಮೇಲೆ ಹೊಳಪಿಲ್ಲ. ಆದರೆ ಪುಡಿಯ ಬಣ್ಣ ಇದ್ದ ಹಾಗೇ ಕಾಣುತ್ತೆ, ಎಣ್ಣೆಯ ಕಂದು ಛಾಯೆ ಮೇಲೆ ಕೂರೋದಿಲ್ಲ. ಹಾಗಾಗಿ ಕೆಂಪು ಅಂದರೆ ಕೆಂಪೇ. ಅಂಚು ಅಂದರೆ ಅಂಚೇ. ರಷ್ಯಾದ ಚರ್ಚುಗಳ ಹಳೆಯ ದೇವರ ಪಟಗಳನ್ನು ಬರೆದದ್ದೂ ಮೊಟ್ಟೆಯ ಟೆಂಪೆರಾದಲ್ಲೇ. ಅಲ್ಲೂ ಮುಖ ನೇರ ನಮ್ಮ ಕಡೆ, ಹಿಂದೆ ಸಪಾಟಾದ ಬಣ್ಣ. ಈ ಅಣ್ಣ ತಮ್ಮ ಬಿಟ್ಟು ಬಂದ ಊರಿನಲ್ಲಿ ಕಣ್ಣಿಗೆ ಬೀಳುತ್ತಿದ್ದದ್ದು ಅಂಥ ಪಟಗಳೇ.

ಬಣ್ಣ ಗಟ್ಟಿಯಾದದ್ದಕ್ಕೆ ಇನ್ನೊಂದು ಕಾರಣ ಅವರು ಆರಿಸುತ್ತಿದ್ದ ಬೆಳಕು. ಮಧ್ಯಾಹ್ನದ ಬೆಳಕು ಅವರಿಗೆ ಬೇಡ. ಹೊತ್ತು ಮುಳುಗುವಾಗ ಓರೆಯಾಗಿ ಬರುವ ಬೆಳಕು ಬೇಕು, ಮುಖದ ಒಂದು ಪಕ್ಕ ಕೆಂಡದ ಹಾಗೆ, ಇನ್ನೊಂದು ಪಕ್ಕ ನೀಲಿ ಅಥವಾ ನೇರಳೆ. ನಮ್ಮ ಕಡೆ ಬಯಲಾಟ ನೋಡಿದವರಿಗೆ ಇದು ಹೊಸದಲ್ಲ. ವೇಷದ ಮುಖವರ್ಣಿಕೆಯನ್ನು ಹಗಲಿನಲ್ಲಿ ಚೌಕಿಯ (ಬಣ್ಣ ಹಚ್ಚಿಕೊಳ್ಳುವ ಜಾಗದ) ಹೊರಗೆ ನಿಂತು ನೋಡಿದರೆ ಅತಿ ಅನ್ನಿಸುತ್ತೆ. ರಾತ್ರಿ ರಂಗಸ್ಥಳದ ದೀಪದಲ್ಲಿ ಅದೇ ಮುಖ ಸರಿಯಾಗಿ ಕೂರುತ್ತೆ. ರೋರಿಕ್ ಅವರ ಚಿತ್ರಗಳನ್ನು ಟ್ಯೂಬ್‌ಲೈಟಿನ ಬಿಳಿ ಬೆಳಕಿನಲ್ಲಿ, ಅದೂ ಮೊಬೈಲಿನ ಪರದೆಯಲ್ಲಿ ನೋಡಿ ಕಣ್ಣಿಗೆ ಹೊಡೆಯುತ್ತೆ ಅಂದರೆ ಅವರಿಗೆ ಅನ್ಯಾಯ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನ ಸಂಜೆ, ಶರಾವತಿ ಹಿನ್ನೀರಿನ ಕಡೆ ಆಕಾಶ ನೋಡಿದ್ದೀರಲ್ಲ? ಆ ಬಣ್ಣವನ್ನು ಹಾಗೇ ಬರೆದರೆ ಯಾರೂ ನಂಬೋದಿಲ್ಲ.

ಅರ್ಧ ನಿಜ ಅಂದೆ, ಇನ್ನರ್ಧವನ್ನೂ ಹೇಳಬೇಕಲ್ಲ. ಕ್ಯಾಲೆಂಡರ್ ಚಿತ್ರದ ತೊಂದರೆ ಬಣ್ಣದ್ದಲ್ಲ. ಅಲ್ಲಿರುವ ಲಕ್ಷ್ಮಿಯ ಮುಖ ಯಾರ ಮುಖವೂ ಅಲ್ಲ, ಎಲ್ಲ ಹೆಣ್ಣುಮಕ್ಕಳನ್ನೂ ಸರಾಸರಿ ಹಾಕಿ ತೆಗೆದದ್ದು. ರೋರಿಕ್ ಚಿತ್ರಗಳಿಗೂ ಇದೇ ಪರೀಕ್ಷೆ ಇಡಿ. ಕೈಯನ್ನು ಕಣ್ಣ ಮುಂದೆ ಅಡ್ಡ ಹಿಡಿದು ಬಟ್ಟೆ, ಒಡವೆ, ಹಿನ್ನೆಲೆ ಎಲ್ಲ ಮುಚ್ಚಿ. ಮುಖ ಮಾತ್ರ ಉಳಿಯಲಿ. ಆ ಮುಖದವರನ್ನು ನಾಳೆ ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಗುರುತು ಹಿಡೀತೀರಾ? ಹಿಡೀತೀನಿ ಅನ್ನಿಸಿದರೆ ಅದು ಭಾವಚಿತ್ರ. 1934ರಲ್ಲಿ ಅವರು ಬರೆದ ಕರ್ಮಾ ದೋರ್ಜೆ ಅನ್ನುವ ಬೆಟ್ಟದ ಸೀಮೆಯವನ ಚಿತ್ರ ಈ ಪರೀಕ್ಷೆಯಲ್ಲಿ ಪಾಸಾಗುತ್ತೆ. ಹೊಲದ ಕೆಲಸ, ಹೊರೆ, ಹಾದಿ ಅಂತ ಬರೆದ ಎಷ್ಟೋ ಹಳ್ಳಿಯ ಹೆಂಗಸರ ಚಿತ್ರ ಪಾಸಾಗೋದಿಲ್ಲ. ಅಲ್ಲಿ ಸೀರೆಯ ಮಡಿಕೆ ಚೆಂದ, ನಡೆಯ ಲಯ ಚೆಂದ, ಮುಖ ಮಾತ್ರ ಯಾರದೋ.

ಇಲ್ಲಿ ಕಲಾವಿದೆ ಅಮೃತಾ ಶೇರ್‌ಗಿಲ್ ನೆನಪಾಗ್ತಾರೆ. ಅವರೂ ಹೊರಗೆ ಹುಟ್ಟಿದವರು, 1913ರಲ್ಲಿ ಬುಡಾಪೆಸ್ಟಿನಲ್ಲಿ. ಅಮ್ಮ ಹಂಗೇರಿಯವರು, ಅಪ್ಪ ಪಂಜಾಬಿನವರು. 1937ರಲ್ಲಿ ದಕ್ಷಿಣ ಭಾರತ ಸುತ್ತಿ ಹೋಗಿ ಅವರು ಬರೆದ ಹಳ್ಳಿಯವರ ಮೈಬಣ್ಣ ಕಂದು, ಕಪ್ಪು, ಮಂಕು. ಮುಖದಲ್ಲಿ ನಗು ಇಲ್ಲ. ಯಾರೂ ಯಾರನ್ನೂ ನೋಡೋದಿಲ್ಲ. ಅದೇ ದಶಕದಲ್ಲಿ, ಅದೇ ದೇಶದಲ್ಲಿ ರೋರಿಕ್ ಬರೆದ ಹಳ್ಳಿಯವರು ಬೆಂಕಿಯ ಬಣ್ಣದಲ್ಲಿ ಮಿಂದವರು. ಯಾರು ಸರಿ? ನನ್ನನ್ನು ಕೇಳಿದರೆ ಹಳ್ಳಿಯ ವಿಷಯದಲ್ಲಿ ಶೇರ್‌ಗಿಲ್ ಕಡೆಗೇ ವೋಟು. ರೋರಿಕ್ ಹಳ್ಳಿಯನ್ನು ಪ್ರೀತಿಸಿದರು, ಸಂಶಯ ಇಲ್ಲ. ಆದರೆ ಪ್ರೀತಿ ಜಾಸ್ತಿಯಾದಾಗ ಎದುರಿಗಿದ್ದವರ ಸುಸ್ತು ಕಾಣದೆ ಹೋಗುತ್ತೆ.

ಸರಿ, ದೇವಿಕಾ ರಾಣಿ. ನೀವು ಕೇಳಿದ ಎರಡನೇ ಪ್ರಶ್ನೆ.

ಆಕೆ ಬಾಂಬೆ ಟಾಕೀಸಿನ ನಾಯಕಿ, ಆಮೇಲೆ ಅದರ ಒಡತಿಯೂ ಹೌದು. ಮೊದಲ ಗಂಡ ಹಿಮಾಂಶು ರಾಯ್ 1940ರಲ್ಲಿ ತೀರಿಕೊಂಡ ಮೇಲೆ ಸ್ಟುಡಿಯೋ ನಡೆಸಿದವರು. 1945ರಲ್ಲಿ ರೋರಿಕ್ ಅವರನ್ನು ಮದುವೆಯಾದರು, ಸಿನಿಮಾ ಬಿಟ್ಟರು. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಶುರುವಾದಾಗ ಮೊದಲು ಸಿಕ್ಕಿದ್ದು ಇವರಿಗೇ. ಇಂಥವರ ಗಂಡ ಅಂದಮೇಲೆ ಪತ್ರಿಕೆಗಳ ಕಣ್ಣು ಎಲ್ಲಿರುತ್ತೆ ಹೇಳಿ. ಆದರೆ ಮದುವೆಗೆ ಮೊದಲೇ ರೋರಿಕ್ ಹೆಸರು ಮಾಡಿದ್ದರು. 1942ರಲ್ಲಿ ಜವಾಹರಲಾಲ್ ನೆಹರೂ ಮಗಳು ಇಂದಿರಾ ಜೊತೆ ನಗ್ಗರ್‌ಗೆ ಹೋಗಿ ಇವರ ಮನೆಯಲ್ಲಿ ಉಳಿದಿದ್ದರು. ಆಗಲೇ ನೆಹರೂ ಅವರ ಚಿತ್ರಕ್ಕೆ ಕೈ ಹಾಕಿದ್ದು. ಇವತ್ತು ದೆಹಲಿಯ ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲ್‌ಗೆ ಸೇರಿದ ನೆಹರೂ ಭಾವಚಿತ್ರ ಸ್ವೆತೊಸ್ಲಾವ್ ಬರೆದದ್ದು. 1960ರಲ್ಲಿ ಮಾಸ್ಕೋ ಮತ್ತು ಲೆನಿನ್‌ಗ್ರಾಡಿನಲ್ಲಿ ಅವರ ಪ್ರದರ್ಶನ ನಡೆಯಿತು. ಹದಿಮೂರರಲ್ಲಿ ಬಿಟ್ಟು ಹೋದ ಹುಡುಗ ಐವತ್ತೈದರ ಆಸುಪಾಸಿನಲ್ಲಿ ಭಾರತದ ಕಲಾವಿದನಾಗಿ ಅಲ್ಲಿಗೆ ಹೋದದ್ದು. 1961ರಲ್ಲಿ ಪದ್ಮಭೂಷಣ ಬಂತು.

ಹೆಂಡತಿಯ ಚಿತ್ರಗಳನ್ನು ಹಲವು ಸಲ ಬರೆದಿದ್ದಾರೆ. ಸಿನಿಮಾ ತಾರೆಯನ್ನು ಬರೆಯೋದು ಕಷ್ಟದ ಕೆಲಸ. ಆ ಮುಖ ಮೊದಲೇ ಸಾವಿರ ಪೋಸ್ಟರಿನಲ್ಲಿ ಬಂದಿರುತ್ತೆ. ಕ್ಯಾಮೆರಾ ಮುಂದೆ ಹೇಗೆ ಕೂರಬೇಕು ಅನ್ನೋದು ಆಕೆಗೆ ರಕ್ತದಲ್ಲೇ ಇರುತ್ತೆ. ಹಾಗಾಗಿ ದೇವಿಕಾ ರಾಣಿಯ ಚಿತ್ರ ಸಿಕ್ಕಾಗ ಮುಖದಿಂದ ಶುರು ಮಾಡಬೇಡಿ, ಕೈಗಳಿಂದ ಶುರು ಮಾಡಿ. ಮುಖ ನಟಿಸಬಲ್ಲದು, ಬೆರಳಿಗೆ ಅಷ್ಟು ಬರೋದಿಲ್ಲ. ರೋರಿಕ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಅವರ ಒಳ್ಳೆಯ ಭಾವಚಿತ್ರಗಳಲ್ಲಿ ಕೈಗೆ ಮುಖದಷ್ಟೇ ಹೊತ್ತು ಕೊಟ್ಟಿದ್ದಾರೆ.

ಮದುವೆಯಾದ ಒಂದೆರಡು ವರ್ಷಕ್ಕೆ, 1947ರ ಡಿಸೆಂಬರಿನಲ್ಲಿ, ಅಪ್ಪ ತೀರಿಕೊಂಡರು. ಆಮೇಲೆ ಗಂಡ ಹೆಂಡತಿ ದಕ್ಷಿಣಕ್ಕೆ ಬಂದು ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆ ನಿಂತರು. ನಾನೂರ ಅರವತ್ತೆಂಟು ಎಕರೆ. ಸುಗಂಧದ ಎಣ್ಣೆಗಾಗಿ ಲಿನಾಲೋ ಮರ ಬೆಳೆಸಿದ್ದರು. ಕಾಫಿ, ಅಡಿಕೆ ನೋಡಿದ ನಮ್ಮವರಿಗೆ ಇದು ವಿಚಿತ್ರ ಬೆಳೆ. ಅದರ ತವರು ಮೆಕ್ಸಿಕೋ. 1993ರ ಜನವರಿ 30ರಂದು ಅವರು ತೀರಿಕೊಂಡರು, ಮರು ವರ್ಷದ ಮಾರ್ಚಿನಲ್ಲಿ ದೇವಿಕಾ ರಾಣಿ. ಇಬ್ಬರ ಸಮಾಧಿಯೂ ತಾತಗುಣಿಯಲ್ಲೇ. ಮಕ್ಕಳಿರಲಿಲ್ಲ. ಆಸ್ತಿಯ ಜಗಳ ಕೋರ್ಟ್ ಹತ್ತಿತು. ಎಸ್ಟೇಟನ್ನು ವಶಕ್ಕೆ ಪಡೆಯಲು ರಾಜ್ಯ ಸರ್ಕಾರ 1996ರಲ್ಲಿ ಕಾಯ್ದೆಯನ್ನೇ ಮಾಡಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಸ್ತಿ ಹಕ್ಕಿನ ಬಗ್ಗೆ ಓದುವ ವಕೀಲರಿಗೆ ಆ ತೀರ್ಪು ಚೆನ್ನಾಗಿ ಗೊತ್ತು. ಒಟ್ಟಾರೆ ರೋರಿಕ್ ಅಂದರೆ ಜನಕ್ಕೆ ಮೊದಲು ನೆನಪಾಗೋದು ಎಕರೆ, ಆಮೇಲೆ ನಟಿ, ಕೊನೆಗೆ ಚಿತ್ರ. ನಿಮ್ಮ ಅನುಮಾನಕ್ಕೂ ಇದೇ ಮೂಲ ಇರಬೇಕು.

ಬೆಂಗಳೂರಿನ ವರ್ಷಗಳಲ್ಲಿ ಅವರು ಮಾಡಿದ ಇನ್ನೊಂದು ಕೆಲಸಕ್ಕೆ ನಾವು ಋಣಿಗಳಾಗಿರಬೇಕು. ಎಂ.ಎಸ್. ನಂಜುಂಡರಾವ್ ಕಟ್ಟಿದ ಚಿತ್ರಕಲಾ ಪರಿಷತ್ತಿಗೆ ಅವರು ಬೆನ್ನಾಗಿ ನಿಂತರು, ಅಧ್ಯಕ್ಷರಾಗಿದ್ದರು, ಅಪ್ಪನ ಮತ್ತು ತಮ್ಮ ಚಿತ್ರಗಳನ್ನು ಅಲ್ಲಿಗೆ ಕೊಟ್ಟರು. ದೆಹಲಿಗೋ ಮಾಸ್ಕೋಗೋ ಹೋಗಬಹುದಾಗಿದ್ದ ಚಿತ್ರಗಳನ್ನು ಸಾಗರದ ಮಕ್ಕಳು ಕುಮಾರಕೃಪಾ ರಸ್ತೆಯಲ್ಲಿ ನೋಡೋಕೆ ಆಗಿದ್ದು ಅದರಿಂದ.

ಇನ್ನು ಅವರ ಸೋಲು. ಉಪದೇಶ ಅಂದೆನಲ್ಲ, ಅದು. ಎರಡನೇ ಮಹಾಯುದ್ಧದ ಕಾಲದಿಂದ ಅವರಿಗೆ ಮನುಷ್ಯಕುಲದ ಬಗ್ಗೆ ದೊಡ್ಡ ಮಾತು ಆಡಬೇಕು ಅನ್ನಿಸತೊಡಗಿತು. ಶಿಲುಬೆಗೇರಿದ ಮಾನವಕುಲ ಅಂತ ಮೂರು ಭಾಗದ ಚಿತ್ರ ಬರೆದರು. 1967ರಲ್ಲಿ ‘ನಮ್ಮ ಸೆರೆಮನೆಯನ್ನು ನಾವೇ ಕಟ್ಟಿಕೊಳ್ಳುತ್ತೇವೆ’ ಅನ್ನುವ ಅರ್ಥದ ಹೆಸರಿಟ್ಟು ಇನ್ನೊಂದು. ಹೆಸರು ಓದಿದ ಮೇಲೆ ನೋಡೋಕೆ ಏನು ಉಳೀತು? ಅಲ್ಲಿರುವ ಜನ ಯಾರೂ ಯಾರೋ ಒಬ್ಬರಲ್ಲ. ಎಲ್ಲರೂ ‘ಮನುಷ್ಯ’. ಎತ್ತಿದ ಕೈ, ಬಾಗಿದ ಬೆನ್ನು, ಕಿತ್ತಳೆ ಬೆಳಕು. ಉದ್ದೇಶ ಒಳ್ಳೆಯದೇ. ಕ್ರಾಂತಿಯಲ್ಲಿ ಊರು ಕಳೆದುಕೊಂಡ ಕುಟುಂಬದವರು ಯುದ್ಧದ ಬಗ್ಗೆ ಬರೆಯದೆ ಇರೋಕಾಗುತ್ತಾ? ಆದರೆ ಕಣ್ಣಿಗೆ ಹೊಡೆಯುವ ಬಣ್ಣಕ್ಕೆ ಇಲ್ಲಿ ಕಾರಣ ಬೆಳಕಲ್ಲ, ಕೂಗು. ನೀವು ಗೊಂದಲಗೊಂಡು ನಿಂತದ್ದು ಇಂಥ ಚಿತ್ರದ ಮುಂದೆ ಆಗಿದ್ದರೆ ನಿಮ್ಮ ಕಣ್ಣು ಸರಿಯಾಗೇ ಇದೆ.

ಅವರ ಕಾಲದ ಕಲಾಲೋಕ ಅವರನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. 1947ರಲ್ಲಿ ಬೊಂಬಾಯಿಯಲ್ಲಿ ಸೋಜಾ, ರಜಾ, ಹುಸೇನ್ ಎಲ್ಲ ಸೇರಿ ಪ್ರೋಗ್ರೆಸಿವ್ ಅನ್ನುವ ಕಲಾವಿದರ ಗುಂಪು ಕಟ್ಟಿದಾಗಿನಿಂದ ಗಾಳಿ ಬೇರೆ ಕಡೆ ಬೀಸಿತು. ಸೋಜಾ ಎರಡೇ ವರ್ಷದಲ್ಲಿ ಲಂಡನ್ನಿಗೆ ವಲಸೆ ಹೋದರು. ಅಲ್ಲಿ ಅವರು ಬರೆದ ತಲೆಗಳನ್ನು ನೋಡಿ: ಹಲ್ಲು ಕಿರಿದು, ಕಣ್ಣು ಹಣೆಗೆ ಹತ್ತಿ, ಗೆರೆಯೆಲ್ಲ ಮುಳ್ಳು. ಗೋವಾದಿಂದ ಲಂಡನ್ನಿಗೆ ಹೋದವರು ಅಷ್ಟು ಸಿಟ್ಟಿನ ಮುಖ ಬರೆದರು, ರಷ್ಯಾದಿಂದ ಇಲ್ಲಿಗೆ ಬಂದವರು ಇಷ್ಟು ಶಾಂತ ಮುಖ ಬರೆದರು. ಇದರಲ್ಲಿ ಸ್ವಭಾವದ ಪಾಲಿದೆ, ಬಾಗಿಲಿನ ಪಾಲೂ ಇದೆ. ರೋರಿಕ್ ಬಂದದ್ದು ಅಪ್ಪನ ಹೆಸರಿನ ಜೊತೆ. ಅವರಿಗೆ ತೆರೆದ ಬಾಗಿಲುಗಳ ಹಿಂದೆ ನೆಹರೂ ಇದ್ದರು, ರಾಜಮನೆತನದವರಿದ್ದರು. ವಲಸೆ ಬಂದವರೆಲ್ಲರಿಗೂ ಹಾಗಾಗಲಿಲ್ಲ. ಅದೇ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 1889ರಲ್ಲಿ ಹುಟ್ಟಿದ ಮಾಗ್ದಾ ನಾಖ್‌ಮನ್ ಅಂತ ಇನ್ನೊಬ್ಬ ಕಲಾವಿದೆ ಇದ್ದರು. ಭಾರತದ ಕ್ರಾಂತಿಕಾರಿ ಎಂ.ಪಿ.ಟಿ. ಆಚಾರ್ಯರ ಹೆಂಡತಿ. 1930ರ ದಶಕದ ನಡುವಿನಲ್ಲಿ ಗಂಡನ ಜೊತೆ ಬೊಂಬಾಯಿಗೆ ಬಂದರು, ಅಲ್ಲಿನ ಸಾಮಾನ್ಯ ಜನರನ್ನು ಬರೆದರು, ಬಡತನದಲ್ಲೇ 1951ರಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಈಗ ನಿಮ್ಮ ಹುಡುಗನ ಪ್ರಶ್ನೆ.

ನೀವು ಸಾಗರದವರು. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ 1964ರಲ್ಲಿ ನೀರು ನಿಂತಾಗ ಮನೆ, ಗದ್ದೆ, ಭೂತನ ಕಲ್ಲು ಎಲ್ಲ ಬಿಟ್ಟು ಎದ್ದು ಬಂದವರ ಮೊಮ್ಮಕ್ಕಳು ನಿಮ್ಮ ಕ್ಲಾಸಿನಲ್ಲೇ ಇರಬಹುದು. ಅಂಥ ಮನೆಯ ಹಿರಿಯರನ್ನು ‘ನಿಮ್ಮೂರು ಯಾವುದು?’ ಅಂತ ಕೇಳಿ ನೋಡಿ. ಕೆಲವರು ಮುಳುಗಿದ ಊರಿನ ಹೆಸರು ಹೇಳ್ತಾರೆ, ಕೆಲವರು ಈಗಿನದು. ಇನ್ನು ಕೆಲವರು ನಿಮ್ಮ ಮುಖ ನೋಡಿ ತೀರ್ಮಾನ ಮಾಡ್ತಾರೆ. ಯಾರದೂ ಸುಳ್ಳಲ್ಲ. ರೋರಿಕ್ ಕಷ್ಟ ಆ ಜನರ ಕಷ್ಟಕ್ಕೆ ಸಮ ಅಂತ ನಾನು ಹೇಳ್ತಿಲ್ಲ, ಅದಕ್ಕೂ ಇದಕ್ಕೂ ಅಜಗಜಾಂತರ. ಆದರೆ ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇರಲೇಬೇಕು ಅಂತಿಲ್ಲ ಅನ್ನೋದು ನಿಮ್ಮ ಮಕ್ಕಳಿಗೆ ಬೆಂಗಳೂರಿನ ಮಕ್ಕಳಿಗಿಂತ ಬೇಗ ಅರ್ಥ ಆಗುತ್ತೆ.

ಚಿತ್ರದ ಮೂಲಕ ಉತ್ತರ ಕೊಡೋದಾದರೆ ಹೀಗೆ ಹೇಳಬಹುದು. ಊರು ಬಿಟ್ಟ ಎಷ್ಟೋ ಕಲಾವಿದರು ಜೀವನವಿಡೀ ಬಿಟ್ಟ ಊರನ್ನೇ ಬರೀತಾರೆ. ಸ್ವೆತೊಸ್ಲಾವ್ ಚಿತ್ರಗಳಲ್ಲಿ ರಷ್ಯಾದ ಬೀದಿ, ಹಿಮ, ಚರ್ಚು ಹುಡುಕಿದರೆ ಸಿಗೋದು ತೀರಾ ಕಡಿಮೆ. ಅದು ಅಪ್ಪನಲ್ಲಿದೆ, ಮಗನಲ್ಲಿ ಇಲ್ಲ. ಮಗ ಬರೆದದ್ದು ಕುಲುವಿನವರನ್ನು, ಲಾಮಾಗಳನ್ನು, ನೆಹರೂವನ್ನು, ಹೆಂಡತಿಯನ್ನು, ಕೆಂಪು ನೆಲದಲ್ಲಿ ದುಡಿಯುವವರನ್ನು. ರಷ್ಯಾ ಎಲ್ಲಿ ಉಳಿಯಿತು ಅಂದರೆ ಕೈಯಲ್ಲಿ. ಟೆಂಪೆರಾದಲ್ಲಿ, ನೇರ ನಿಲ್ಲಿಸಿದ ಮುಖದಲ್ಲಿ, ಸಪಾಟು ಹಿನ್ನೆಲೆಯಲ್ಲಿ. ‘ಕಲಿತ ಕೈ ಅಲ್ಲಿಯದು ಕಣಪ್ಪ, ನೋಡಿದ ಜನ ಇಲ್ಲಿಯವರು’ ಅನ್ನಿ. ಹುಡುಗ ಮುಂದಿನ ಪ್ರಶ್ನೆ ಕೇಳಿದರೆ ಇನ್ನೂ ಒಳ್ಳೆಯದು.

ಮಕ್ಕಳಿಗೆ ತೋರಿಸುವ ವಿಷಯ. ಜನವರಿಯ ಚಿತ್ರಸಂತೆಯ ಭಾನುವಾರ ಮಾತ್ರ ಹೋಗಬೇಡಿ, ಕುಮಾರಕೃಪಾ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ, ಮಕ್ಕಳನ್ನು ಎಣಿಸೋದ್ರಲ್ಲೇ ದಿನ ಮುಗಿಯುತ್ತೆ. ಬೇರೆ ದಿನ ಹೋಗಿ. ಹೋಗುವ ಮೊದಲು ಗ್ಯಾಲರಿ ತೆರೆದಿರುತ್ತಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಎಲ್ಲ ಚಿತ್ರಗಳ ಮುಂದೆಯೂ ಸಾಲಾಗಿ ಓಡಿಸಬೇಡಿ. ಒಬ್ಬೊಬ್ಬರೂ ಒಂದು ಮುಖ ಆರಿಸಿಕೊಂಡು ಅದರ ಮುಂದೆ ಕೂರಲಿ. ಬೆಳಕು ಯಾವ ಕಡೆಯಿಂದ ಬರ್ತಿದೆ, ಕೆನ್ನೆಯ ಅಂಚಿಗೆ ಹಿನ್ನೆಲೆಯ ಬಣ್ಣ ಸ್ವಲ್ಪ ತಾಗಿದೆಯಾ, ಕೈ ಏನು ಮಾಡ್ತಿದೆ, ಇಷ್ಟನ್ನು ಬರೆದುಕೊಳ್ಳಲಿ. ಹೆಸರಿನ ಚೀಟಿ ಕೊನೆಗೆ ಓದಲಿ. ಚಿತ್ರದ ನಕಲು ಮಾಡಿಸಬೇಡಿ. ನಕಲು ಮಾಡಿದರೆ ಬಣ್ಣದ ಅಬ್ಬರ ಮಾತ್ರ ಕೈಗೆ ಬರುತ್ತೆ.

ಅದರ ಬದಲು ಊರಿಗೆ ಬಂದ ಮೇಲೆ ಟೆಂಪೆರಾವನ್ನೇ ಮಾಡಿಸಿ. ನಿಮ್ಮ ಕಡೆ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುವ ಹೆಣ್ಣುಮಕ್ಕಳು ಕೆಮ್ಮಣ್ಣು, ಅಕ್ಕಿ ಹಿಟ್ಟು, ಹುರಿದು ಕರಿಯಾದ ಅಕ್ಕಿ, ಗುರಿಗೆ ಕಾಯಿಯ ಹಳದಿ, ಇಷ್ಟರಲ್ಲೇ ಗೋಡೆ ತುಂಬಿಸ್ತಾರೆ. ಅಂಥ ಒಬ್ಬರನ್ನು ಶಾಲೆಗೆ ಕರೆಸಿ ಮಣ್ಣು ಸೋಸುವುದು ಹೇಗೆ ಅಂತ ಕಲಿಯಿರಿ. ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ದಪ್ಪ ಮರಳು ತಳಕ್ಕೆ ಕೂತ ಮೇಲೆ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ಒಣಗಲು ಬಿಟ್ಟರೆ ತಳದಲ್ಲಿ ನುಣ್ಣನೆಯ ಪುಡಿ ಸಿಗುತ್ತೆ. ಒಂದು ಮೊಟ್ಟೆಯ ಹಳದಿ ಉಂಡೆಯನ್ನು ಬಿಳಿ ಬಿಡಿಸಿ ಅಂಗೈಯಿಂದ ಅಂಗೈಗೆ ಉರುಳಿಸುತ್ತಾ ಒರೆಸಿ. ಪೊರೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೆಳಗೆ ಚುಚ್ಚಿ, ಹಳದಿ ಮಾತ್ರ ಲೋಟಕ್ಕೆ ಇಳಿಯಲಿ, ಪೊರೆ ಬಿಸಾಡಿ. ಅಷ್ಟೇ ನೀರು ಸೇರಿಸಿ. ನೀರಲ್ಲಿ ಕಲಸಿದ ಮಣ್ಣಿಗೆ ಇದನ್ನು ಸಮಪಾಲು ಹಾಕಿದರೆ ಬಣ್ಣ ತಯಾರು. ಆಯಾ ದಿನದ್ದು ಆಯಾ ದಿನವೇ ಮುಗಿಸಿ, ಮರುದಿನ ವಾಸನೆ ಬರುತ್ತೆ. ಮೊಟ್ಟೆ ಮುಟ್ಟದ ಮನೆಯ ಮಕ್ಕಳಿದ್ದರೆ ಗೋಂದು ಕೊಡಿ, ಗುಣ ಬೇರೆಯಾದರೂ ಕೆಲಸ ನಡೆಯುತ್ತೆ. ಹಾಂ, ಬಿಸಿಯೂಟದ ಮೊಟ್ಟೆಗೆ ಕೈ ಹಾಕಬೇಡಿ, ಆಮೇಲೆ ಹೆಡ್ಮಾಸ್ತರಿಗೆ ಉತ್ತರ ಹೇಳೋದು ನೀವೇ.

ದಪ್ಪ ರಟ್ಟಿಗೆ ಸೀಮೆಸುಣ್ಣದ ಪುಡಿ ಮತ್ತು ಅಂಟು ಬೆರೆಸಿ ಎರಡು ಕೋಟ್ ಹೊಡೆದು ಒಣಗಿಸಿಕೊಳ್ಳಿ. ಶಾಲೆ ಬಿಟ್ಟ ಮೇಲೆ, ಓರೆ ಬೆಳಕು ಇರುವಾಗ, ಕಿಟಕಿಯ ಪಕ್ಕ ಒಬ್ಬ ಕೂರಲಿ, ಇನ್ನೊಬ್ಬ ಬರೆಯಲಿ. ಕೆಂಪು, ಕಪ್ಪು, ಬಿಳಿ, ಮೂರೇ ಬಣ್ಣ. ತೀಡೋಕೆ ಹೋದವರಿಗೆ ಕೆಳಗಿನ ಪದರ ಎದ್ದು ಬರುತ್ತೆ, ಎರಡನೇ ಸಲಕ್ಕೆ ಅವರೇ ಗೆರೆ ಎಳೆಯೋಕೆ ಶುರು ಮಾಡ್ತಾರೆ.